ಕೊಟ್ಟಾಂವ ದೇವರು, ಇಟ್ಟಾಕಿ ಯಾರು?

ಯಾವ ಮನೆಗೆ ಹೋದರೂ ಎರಡು ಮಾತು ಕಿವಿಗೆ ಬಿದ್ದೇ ಬೀಳುತ್ತವೆ. ಒಂದು, ‘ದೇವರು ಕೊಡ್ತಾನ ಬಿಡು’. ಇನ್ನೊಂದು, ‘ನಾಳಿಗೆ ಏನ್ ಗತಿ?’ ಮಗಳ ಮದುವೆ ಇರಲಿ, ಮಗನ ಕಾಲೇಜಿನ ಫೀ ಇರಲಿ, ಹಿರಿಯರ ಆಸ್ಪತ್ರೆ ಖರ್ಚಿರಲಿ, ಒಬ್ಬರು ಮೊದಲನೆಯ ಮಾತು ಆಡಿದರೆ ಇನ್ನೊಬ್ಬರು ಎರಡನೆಯದನ್ನು ಹಿಡಿದು ಕೂಡುತ್ತಾರೆ. ಗಾದೆಗಳೂ ಎರಡೂ ಕಡೆ ಸಾಕ್ಷಿ ಹೇಳುತ್ತವೆ. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ’ ಅಂದವರೂ ನಮ್ಮ ಹಿರಿಯರೇ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನನ್ನು ನೋಡಿ ನಕ್ಕವರೂ ಅವರೇ.

ನಮ್ಮ ಮನೆಯಲ್ಲಿ ಮೊದಲನೆಯ ಮಾತು ಅಪ್ಪನದು, ಎರಡನೆಯದು ಅವ್ವನದು. ರೋಣ ತಾಲೂಕಿನ ಒಂದು ಹಳ್ಳಿ ನಮ್ಮದು. ಈಗ ಗದಗ ಜಿಲ್ಲೆ, ನಾನು ಸಣ್ಣವಳಿದ್ದಾಗ ಧಾರವಾಡ ಜಿಲ್ಲೆ. ಎರಿ ಭೂಮಿ, ಮಳೆ ನಂಬಿದ ಒಕ್ಕಲುತನ. ಅಪ್ಪ ಬಿತ್ತುವ ದಿನ ಕೂರಿಗೆ ಪೂಜೆ ಮಾಡಿ, ಕಾಯಿ ಒಡೆದು, ‘ಬಿತ್ತೋದು ನಮ್ಮ ಕೆಲಸ, ಬೆಳೆಸೋದು ಅವನ ಕೆಲಸ’ ಅಂತ ಹೇಳಿ ಎತ್ತು ಹೊಡೆಯುತ್ತಿದ್ದ. ಆಮೇಲೆ ಮೋಡ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ರಾತ್ರಿ ಊಟ ಮಾಡಿ ಕಟ್ಟೆ ಮೇಲೆ ಅಡ್ಡಾದನೆಂದರೆ ಐದು ನಿಮಿಷಕ್ಕೆ ಗೊರಕೆ.

ಅವ್ವನಿಗೆ ಆ ನಿದ್ದೆ ಇರಲಿಲ್ಲ. ಬೇಸಿಗೆ ಬಂತೆಂದರೆ ಅವಳ ಕೈಗೆ ಬಿಡುವೇ ಇಲ್ಲ. ಶಾವಿಗೆ, ಹಪ್ಪಳ, ಸಂಡಿಗೆ ಆಗಬೇಕು. ವರ್ಷದ ಖಾರ ಕುಟ್ಟಿ ಗಡಿಗೆಗೆ ತುಂಬಬೇಕು. ಹುಣಸೆಹಣ್ಣು ಬೀಜ ತೆಗೆದು ಉಪ್ಪು ಹಾಕಿ ಇಡಬೇಕು. ಮಳೆಗಾಲ ಹಿಡಿಯುವುದರೊಳಗೆ ಕುಳ್ಳು ಒಣಗಿಸಿ ಒಟ್ಟಬೇಕು, ಇಲ್ಲದಿದ್ದರೆ ಹಸಿ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪಾಗಬೇಕು. ಅಪ್ಪ ಕಟ್ಟೆ ಮೇಲಿಂದಲೇ ನಗುತ್ತಿದ್ದ. ‘ನೀ ಒಬ್ಬಾಕಿನ ಲೋಕ ಸಾಕಾಕತ್ತೀಯೇನ? ಅವನಿಗೂ ಒಂದೀಟು ಕೆಲಸ ಬಿಡು’ ಅನ್ನುತ್ತಿದ್ದ. ಅವ್ವ ತಲೆ ಎತ್ತದೆ, ‘ಅವನು ಮಾಡ್ತಾನ್ರಿ. ಅವನು ಹಪ್ಪಳ ಲಟ್ಟಸಂಗಿಲ್ಲ’ ಅನ್ನುತ್ತಿದ್ದಳು.

ಇಬ್ಬರಲ್ಲಿ ಯಾರು ಸರಿ ಎನ್ನುವುದು ಬಹಳ ವರ್ಷ ನನ್ನ ತಲೆಯಲ್ಲಿದ್ದ ಪ್ರಶ್ನೆ. ಈಗ ಅರವತ್ತು ದಾಟಿದ ಮೇಲೆ ಅನ್ನಿಸುವುದೇನೆಂದರೆ, ಪ್ರಶ್ನೆಯನ್ನು ಹಾಗೆ ಕೇಳುವುದರಲ್ಲೇ ಏನೋ ಒಂದು ಬಿಟ್ಟುಹೋಗುತ್ತದೆ. ಬಿಟ್ಟುಹೋಗುವುದು ಏನು ಅಂತ ಹೇಳುವ ಮೊದಲು ಹಗೇವಿನ ವಿಷಯ ಹೇಳಬೇಕು. ಈಗಿನ ಮಕ್ಕಳಿಗೆ ಹಗೇವು ಗೊತ್ತಿಲ್ಲ.

ಹಗೇವು ಅಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಒಳಗೆ ಹೊಟ್ಟೆ ಅಗಲ. ಗಟ್ಟಿ ನೆಲ ನೋಡಿ ತೋಡಿ, ತಳಕ್ಕೂ ಸುತ್ತಲಿಗೂ ಹುಲ್ಲು, ಹೊಟ್ಟು ಹಾಕಿ, ಜೋಳ ಸುರಿದು, ಮೇಲೆ ಮತ್ತೆ ಹೊಟ್ಟು ಹಾಕಿ, ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಮುಗಿಯಿತು. ಮೇಲೆ ಎತ್ತಿನ ಗಾಡಿ ಓಡಾಡಿದರೂ ಕೆಳಗೆ ಅನ್ನ ಇದೆ ಎಂದು ಗೊತ್ತಾಗುವುದಿಲ್ಲ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡುತ್ತ ಉಸಿರಾಡುತ್ತ ಒಳಗಿನ ಪ್ರಾಣವಾಯು ತೀರಿಹೋಗಿ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಅದಕ್ಕೇ ಹುಳ ಬದುಕುವುದಿಲ್ಲ, ಜೋಳ ವರ್ಷಗಟ್ಟಲೆ ಇರುತ್ತದೆ. ಆದರೆ ಹುಳ ಕೊಲ್ಲುವ ಆ ಗಾಳಿ ಮನುಷ್ಯರನ್ನೂ ಕೊಲ್ಲುತ್ತದೆ. ಹಗೇವು ತೆಗೆದ ಕೂಡಲೇ ಇಳಿದು ಜೀವ ಕಳಕೊಂಡವರ ಕಥೆ ನಮ್ಮ ಸೀಮೆಯಲ್ಲಿ ಹಲವು ಊರುಗಳಲ್ಲಿವೆ. ಹೀಗಾಗಿ ಮೊದಲು ಬಾಯಿ ತೆರೆದು ಸಾಕಷ್ಟು ಹೊತ್ತು ಬಿಡಬೇಕು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಉರಿದರೆ ಇಳಿಯಬಹುದು, ಆರಿದರೆ ಯಾರೂ ಇಳಿಯಬಾರದು.

ಅಷ್ಟು ದೈವಭಕ್ತನಾದ ಅಪ್ಪ, ‘ದೇವರು ನೋಡ್ಕೋತಾನ, ಇಳಿ’ ಅಂತ ಒಂದು ದಿನವೂ ಅಂದವನಲ್ಲ. ದೀಪ ಇಳಿಸಿ, ಬಗ್ಗಿ ನೋಡಿ, ‘ಉರಿಯಾಕತ್ತೈತಿ’ ಅಂತ ಖಾತ್ರಿ ಮಾಡಿಕೊಂಡ ಮೇಲೇ ಶಿವನ ನೆನೆದು ಆಳನ್ನು ಇಳಿಸುತ್ತಿದ್ದ. ನಂಬಿಕೆ ಇದ್ದವರಿಗೆ ದೀಪ ಬೇಕಿಲ್ಲ ಅಂತ ಅವನಿಗೆ ಅನಿಸಿರಲೇ ಇಲ್ಲ. ಹಾಗೆ ನೋಡಿದರೆ ಅಪ್ಪನೂ ತಯಾರಿಯವನೇ. ಅವನ ತಯಾರಿ ಸದ್ದು ಮಾಡುತ್ತಿರಲಿಲ್ಲ, ಅಷ್ಟೇ.

ಇನ್ನೊಂದು ಸಂಗತಿ, ರಾಶಿ ಆದ ಮೇಲೆ ಜೋಳ ಹಂಚುವ ಕ್ರಮ. ಕಣದಲ್ಲಿ ರಾಶಿ ಪೂಜೆ ಆದ ಕೂಡಲೇ ಮೊದಲು ಕೊಡುವುದು. ಮಠಕ್ಕೆ, ವರ್ಷವಿಡೀ ನೇಗಿಲು ಕೂರಿಗೆ ರಿಪೇರಿ ಮಾಡಿಕೊಟ್ಟ ಬಡಿಗೇರ, ಕಮ್ಮಾರರಂಥ ಆಯಗಾರರಿಗೆ, ಕಣಕ್ಕೆ ಬಂದು ಸೆರಗೊಡ್ಡಿದವರಿಗೆ. ಎರಡನೆಯದು ಬೀಜ. ತುಂಬಿದ ದಪ್ಪ ತೆನೆ ಆರಿಸಿ ಬೇರೆ ಇಡುವುದು. ಬೀಜದ ಜೋಳ ಹಗೇವಿಗೆ ಹೋಗುತ್ತಿರಲಿಲ್ಲ. ಬೂದಿ, ಬೇವಿನ ಸೊಪ್ಪು ಬೆರೆಸಿ ಗಡಿಗೆಗೆ ತುಂಬಿ ಬಾಯಿ ಕಟ್ಟುತ್ತಿದ್ದರು. ಮೂರನೆಯದು ಹೊಟ್ಟೆ, ಅಂದರೆ ಮನೆಗೆ ವರ್ಷಕ್ಕೆ ಬೇಕಾದ ಕಾಳು ಹಗೇವಿಗೆ. ಉಳಿದದ್ದು ಪ್ಯಾಟಿಗೆ. ಮೊದಲು ಕೊಡೋದು, ಆಮೇಲೆ ಬೀಜ, ಆಮೇಲೆ ಹೊಟ್ಟೆ, ಕೊನೆಗೆ ಪ್ಯಾಟಿ. ಲೆಕ್ಕಪತ್ರ ಓದಿ ಬಾರದವರು ಕಟ್ಟಿದ ಬಜೆಟ್ಟು ಇದು. ದೇವರ ಮೇಲಿನ ನಂಬಿಕೆಯೂ ಇದರಲ್ಲಿತ್ತು, ನಾಳೆಯ ಚಿಂತೆಯೂ ಇತ್ತು. ಎರಡಕ್ಕೂ ಜಗಳ ಇರಲಿಲ್ಲ.

ಜಗಳ ಬಂದದ್ದು 1972ರ ಬರಗಾಲದಲ್ಲಿ. ನನಗಾಗ ಹತ್ತು ವರ್ಷ. ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಎರಿ ಹೊಲ ಬಾಯಿ ಬಿಟ್ಟು, ಬಿರುಕಿನಲ್ಲಿ ನನ್ನ ಕಾಲು ಸಿಕ್ಕಿಹಾಕಿಕೊಳ್ಳುತ್ತಿತ್ತು. ಮೇವಿಲ್ಲದೆ ಎಷ್ಟೋ ಮನೆಯವರು ದನ ಹೊಡಕೊಂಡು ಹೋಗಿ ಕೇಳಿದಷ್ಟಕ್ಕೆ ಮಾರಿ ಬಂದರು. ಗಂಡಸರು ಹೆಂಗಸರು ಕಲ್ಲು ಒಡೆಯುವ ಕೆಲಸಕ್ಕೆ ಹೋದರು. ನಮ್ಮ ಹಗೇವಿನಲ್ಲಿ ಹಿಂದಿನ ವರ್ಷದ ಜೋಳ ಇತ್ತು. ಅದು ನಮ್ಮ ಮನೆಯ ಎಂಟು ಮಂದಿಗೆ ಮುಂದಿನ ಸುಗ್ಗಿಯವರೆಗೂ ಸಾಲುತ್ತದೆಂದು ಅವ್ವ ಲೆಕ್ಕ ಹಾಕಿದ್ದಳು.

ಓಣಿಯವರು ಕೇಳಲು ಬಂದರು. ಸೇರು, ಎರಡು ಸೇರು. ಅಪ್ಪ ‘ತಗೊಂಡ್ ಹೋಗ್ರಿ’ ಅಂದುಬಿಟ್ಟ. ಅವ್ವ ಒಳಗೆ ಕರೆದು, ‘ನಮ್ಮ ಹುಡುಗರಿಗೆ?’ ಅಂದಳು. ಅಪ್ಪನ ಉತ್ತರ ನಿಮಗೆ ಗೊತ್ತೇ ಇದೆ. ಅವ್ವ ಅವತ್ತು ರಾತ್ರಿ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಅವಳೇ ಒಂದು ದಾರಿ ಕಂಡುಹಿಡಿದಿದ್ದಳು. ನಮ್ಮ ಮನೆಯ ರೊಟ್ಟಿ ಒಂದು ಹೊತ್ತು ಕಡಿಮೆ. ರಾತ್ರಿ ರೊಟ್ಟಿ ಬದಲು ಅಂಬಲಿ. ಹಾಗೆ ಉಳಿದ ಜೋಳವನ್ನು ಓಣಿಯ ಮಕ್ಕಳಿರುವ ಮನೆಗಳಿಗೆ ವಾರಕ್ಕೊಮ್ಮೆ ಅಳೆದು ಕೊಡುವುದು. ಕೇಳಿದವರಿಗೆಲ್ಲ ಕೇಳಿದಷ್ಟು ಅಲ್ಲ, ಅಳತೆ ಇಟ್ಟು. ಬೀಜದ ಗಡಿಗೆ ಮಾತ್ರ ಯಾರೂ ಮುಟ್ಟುವಂತಿಲ್ಲ. ‘ಹಸ್ತರೂ ಚಿಂತಿಲ್ಲ, ಬೀಜ ತಿನಬಾರದು’ ಅಂತ ಗಡಿಗೆ ಮುಂದೆ ನಿಂತು ನಮಗೆಲ್ಲ ಹೇಳಿದ್ದು ನೆನಪಿದೆ. ಅಪ್ಪನ ಧಾರಾಳತನಕ್ಕೆ ಅವ್ವನ ಅಳತೆ ಸೇರಿದ್ದರಿಂದ ಆ ವರ್ಷ ನಾವೂ ಉಳಿದೆವು, ಓಣಿಯೂ ಉಳಿಯಿತು. ಬರೀ ಅಪ್ಪ ಇದ್ದಿದ್ದರೆ ಮೂರು ತಿಂಗಳಿಗೆ ಹಗೇವು ಬರಿದು. ಬರೀ ಅವ್ವ ಇದ್ದಿದ್ದರೆ ಹಗೇವಿನ ಮೇಲಿನ ಕಲ್ಲು ಮತ್ತಷ್ಟು ಭಾರ ಆಗುತ್ತಿತ್ತೇನೋ.

1973ರಲ್ಲಿ ಮಳೆ ಬಂತು. ಹಿಂಗಾರಿಗೆ ಅವ್ವ ಉಡಿಯಲ್ಲಿ ಬೀಜ ಕಟ್ಟಿಕೊಂಡು ಹೊಲಕ್ಕೆ ಹೋದಳು, ಬಿತ್ತಿ ಬಂದರು. ನಾಲ್ಕನೆಯ ದಿನಕ್ಕೆ ಜಡಿಮಳೆ. ವರ್ಷವೆಲ್ಲ ಬಾಯಿ ಬಾಯಿ ಬಿಟ್ಟು ಕೇಳಿಕೊಂಡ ಮಳೆಯೇ ಬಂದು, ಹಳ್ಳದ ದಂಡೆಗಿದ್ದ ನಮ್ಮ ಹೊಲದ ಬೀಜವನ್ನು ಮಣ್ಣಿನ ಸಮೇತ ಕೊಚ್ಚಿಕೊಂಡು ಹೋಯಿತು. ಎತ್ತರದ ಹೊಲದವರಿಗೆ ಏನೂ ಆಗಲಿಲ್ಲ. ಮನೆಯಲ್ಲಿ ಇನ್ನು ಬೀಜ ಇಲ್ಲ, ಊರೆಲ್ಲ ಬರ ಉಂಡು ಕೂತಿದೆ, ಯಾರ ಬಳಿ ಕೇಳುವುದು? ಅಪ್ಪ ಮೊದಲ ಸಲ ರಾತ್ರಿ ಎದ್ದು ಕೂತಿದ್ದನ್ನು ನಾನು ನೋಡಿದ್ದು ಆಗಲೇ. ಅವ್ವ ಇಡಬೇಕಾದ್ದನ್ನೆಲ್ಲ ಇಟ್ಟಿದ್ದಳು, ಅಪ್ಪ ನಂಬಬೇಕಾದವನನ್ನು ನಂಬಿದ್ದ. ಆದರೂ ಹೊಲ ಬರಿದಾಗಿತ್ತು.

ಎರಡು ದಿನ ಬಿಟ್ಟು, ನಸುಕಿನಲ್ಲಿ ಬಾಗಿಲು ಬಡಿದವರು ಪಕ್ಕದ ಹೊಲದವರು. ಬದುವಿನ ಜಗಳದಿಂದ ನಮಗೂ ಅವರಿಗೂ ಆರೇಳು ವರ್ಷ ಮಾತಿರಲಿಲ್ಲ. ಹೆಗಲ ಮೇಲೆ ಸಣ್ಣ ಚೀಲ. ‘ಬಿತ್ತಾಕ ಐತಿ, ತಗೋ. ನನ್ನ ಹೊಲದ ಮಗ್ಗಲ ಹೊಲ ಬೀಳು ಬಿದ್ರ ನೋಡಾಕ ಆಗಂಗಿಲ್ಲ’ ಅಂದರು. ಅಷ್ಟೇ. ಕಟ್ಟೆ ಮೇಲೆ ಚೀಲ ಇಟ್ಟು, ಚಹಾನೂ ಕುಡಿಯದೆ ಹೋದರು. ಅಪ್ಪ ಚೀಲಕ್ಕೆ ಕೈ ಮುಗಿದು, ‘ನೋಡಿದೇನ, ದೇವರು ಕೊಟ್ಟ’ ಅಂದ. ಕಣ್ಣಲ್ಲಿ ನೀರಿತ್ತು. ಅವ್ವ ಚೀಲ ಬಿಚ್ಚಿ ಕಾಳು ಬೊಗಸೆಗೆ ತಗೊಂಡಳು. ಬೂದಿ ಬೆರೆಸಿದ ಕಾಳು, ಬೇವಿನ ಸೊಪ್ಪಿನ ಚೂರು. ಅವಳಂತೆಯೇ ಯಾವಳೋ ಒಬ್ಬಳು ಗಡಿಗೆ ಕಾದಿದ್ದರ ಗುರುತು. ಅವ್ವ ಸಾವಕಾಶ ಅಂದಳು, ‘ಕೊಟ್ಟಾಂವ ದೇವರು, ಖರೆ ರೀ. ಆದ್ರ ಇಟ್ಟಾಕಿ ಆ ಮನ್ಯಾಕಿ.’

ನಾನು ಬಿಟ್ಟುಹೋಗುತ್ತದೆ ಅಂದದ್ದು ಇದನ್ನೇ. ತಯಾರಿ ಬೇಕೋ ನಂಬಿಕೆ ಬೇಕೋ ಅಂತ ಕೇಳುವಾಗ ನಮ್ಮ ಕಣ್ಣ ಮುಂದೆ ಇರುವುದು ಒಂದೇ ಮನೆ, ನಮ್ಮದು. ನಮ್ಮ ಗಡಿಗೆ, ನಮ್ಮ ಬ್ಯಾಂಕ್ ಬುಕ್ಕು, ನಮ್ಮ ದೇವರು. ಆದರೆ ದೇವರು ಕೊಟ್ಟ ಅಂತ ನಾವು ಕೈ ಮುಗಿಯುವ ಹೆಚ್ಚಿನ ಸಂದರ್ಭದಲ್ಲಿ, ಆ ಕೊಡುಗೆ ಬಂದದ್ದು ಇನ್ನೊಬ್ಬರ ತಯಾರಿಯಿಂದ. ಆ ಮನೆಯಾಕೆ ಬರಗಾಲದಲ್ಲಿ ಬೀಜ ತಿಂದುಬಿಟ್ಟಿದ್ದರೆ ದೇವರು ಯಾರ ಕೈಯಿಂದ ಕೊಡಬೇಕಿತ್ತು? ಹಾಗಾದರೆ ನಾನು ಇವತ್ತು ಇಡುತ್ತಿರುವುದು ನನ್ನ ನಾಳೆಗೆ ಮಾತ್ರ ಅಲ್ಲ. ಯಾರದೋ ಪ್ರಾರ್ಥನೆಗೆ ಉತ್ತರ ಆಗಬೇಕಾದ ಕಾಳು ನನ್ನ ಗಡಿಗೆಯಲ್ಲಿ ಇದ್ದರೂ ಇರಬಹುದು.

ಇದನ್ನು ನನ್ನ ಸಂಸಾರದಲ್ಲಿ ಕಂಡದ್ದು ಇನ್ನೂ ಮೂವತ್ತು ವರ್ಷ ಆದ ಮೇಲೆ. ಮದುವೆಯಾಗಿ ಬಂದ ಮನೆಯಲ್ಲಿ ಪಾತ್ರ ಅದೇ. ಯಜಮಾನರು ನಮ್ಮ ಅಪ್ಪನ ಹಾಗೆ, ನಾನು ಅವ್ವನ ಹಾಗೆ. ಊರಲ್ಲಿ ಸ್ತ್ರೀಶಕ್ತಿ ಸಂಘ ಕಟ್ಟಿದಾಗ ಮೊದಲ ದಿನವೇ ಹೆಸರು ಹಚ್ಚಿದೆ, ವಾರಕ್ಕೆ ಹತ್ತು ರೂಪಾಯಿ ಉಳಿತಾಯ. 2003ರಲ್ಲಿ ಸಹಕಾರಿ ಸಂಘದ ಸದಸ್ಯರಿಗೆ ಅಂತ ಯಶಸ್ವಿನಿ ಆರೋಗ್ಯ ಯೋಜನೆ ಬಂತು. ಒಬ್ಬರಿಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ನಮ್ಮ ಮನೆಯ ನಾಲ್ವರಿಗೆ 240. ಅದು ಸಾಲಾಗಿ ಮೂರನೆಯ ವರ್ಷದ ಬರ. ಯಜಮಾನರು, ‘ಆರಾಮ ಇದ್ದವರಿಗೆ ಆಸ್ಪತ್ರಿ ರೊಕ್ಕ ಯಾಕ ಕಟ್ತೀ? ವೀರಭದ್ರ ಅದಾನ’ ಅಂದರು. ‘ವೀರಭದ್ರ ಅದಾನ್ರಿ, ಅವನ ಹೆಸರ ಹೇಳೇ ಕಟ್ತೀನಿ’ ಅಂದು ಸಂಘದ ಉಳಿತಾಯದಿಂದ ಕಟ್ಟಿ ಬಂದೆ.

2004ರ ಚಳಿಗಾಲ ಮುಗಿಯುವ ಹೊತ್ತಿಗೆ ಅವರಿಗೆ ಎದೆ ನೋವು. ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಆಪರೇಷನ್ ಆಗಲೇಬೇಕು ಅಂದರು ಡಾಕ್ಟರು. ಹೇಳಿದ ಮೊತ್ತ ನಮ್ಮ ಎರಡು ಎಕರೆ ಮಾರಿದರೂ ಹುಟ್ಟುತ್ತಿರಲಿಲ್ಲ, ಬರದಲ್ಲಿ ಹೊಲ ಕೊಳ್ಳುವವರಾದರೂ ಯಾರು? ಆಪರೇಷನ್ ಖರ್ಚು ಯಶಸ್ವಿನಿಯಿಂದ ಆಯಿತು. ಔಷಧ, ಓಡಾಟ, ಊಟಕ್ಕೆ ಸಂಘದಿಂದ ಸಾಲ ತಂದೆ.

ಮೊದಲ ವರ್ಷವೇ ಸುಮಾರು 16 ಲಕ್ಷ ರೈತರು, ರೈತರ ಮನೆಯವರು ಆ ಯೋಜನೆಗೆ ಸೇರಿದ್ದರು ಅಂತ ಆಮೇಲೆ ತಿಳಿಯಿತು. ಅವರಲ್ಲಿ ಬಹುತೇಕರಿಗೆ ಆ ವರ್ಷ ಏನೂ ಆಗಲಿಲ್ಲ. ಅವರ 60 ರೂಪಾಯಿ ‘ಸುಮ್ಮನೆ ಹೋಯ್ತು’. ಹೋದದ್ದು ಎಲ್ಲಿಗೆ? ನನ್ನ ಗಂಡನ ಎದೆಗೆ. ಮಂಡ್ಯದ ಯಾರೋ, ಬೀದರಿನ ಯಾರೋ, ಮುಖ ನೋಡದ ಮಂದಿ ಕೂಡಿಸಿಟ್ಟ ಐದೈದು ರೂಪಾಯಿ, ಸರ್ಕಾರ ಸೇರಿಸಿದ ಪಾಲು, ಎಲ್ಲ ಸೇರಿ ಒಂದು ಜೀವ ಹಿಡಿದು ನಿಲ್ಲಿಸಿತು. ಊರಿಗೆ ಬಂದಾಗ ಎಲ್ಲರೂ ‘ದೇವರು ದೊಡ್ಡಾಂವ, ಕಾಪಾಡಿದ’ ಅಂದರು. ನಾನೂ ಹೌದು ಅಂದೆ. ಅನ್ನುವಾಗ ಅವ್ವನ ಮಾತು ನೆನಪಾಯಿತು. ಇನ್ಶೂರೆನ್ಸ್ ಮಾಡಿಸಿದರೆ ದೇವರ ಮೇಲೆ ಅಪನಂಬಿಕೆ ಅನ್ನುವವರು ಈಗಲೂ ಇದ್ದಾರೆ. ನನಗೆ ಅದು ಹೊಸ ಕಾಲದ ಹಗೇವು. ವ್ಯತ್ಯಾಸ ಇಷ್ಟೇ, ಹಳೆಯ ಹಗೇವಿನ ಜೋಳ ಓಣಿಗೆ ಮುಟ್ಟುತ್ತಿತ್ತು, ಇದು ರಾಜ್ಯಕ್ಕೆಲ್ಲ ಮುಟ್ಟುತ್ತದೆ.

ಆದರೆ ಅದೇ ಆಸ್ಪತ್ರೆಯಲ್ಲಿ ಅಪ್ಪನ ಮಾತೂ ಅರ್ಥವಾಯಿತು. ಅವರನ್ನು ಆಪರೇಷನ್ ಥಿಯೇಟರ್ ಒಳಗೆ ಕರೆದುಕೊಂಡು ಹೋದರು. ಫಾರಂಗಳಿಗೆಲ್ಲ ಸಹಿ ಆಗಿತ್ತು, ರಕ್ತ ಕೊಡುವವರು ಕೊಟ್ಟಾಗಿತ್ತು, ಕಾರ್ಡು ತೋರಿಸಿಯಾಗಿತ್ತು. ನನ್ನ ಕೈಯಲ್ಲಿ ಮಾಡುವ ಕೆಲಸ ಒಂದೂ ಉಳಿದಿರಲಿಲ್ಲ. ಹುಟ್ಟಿದಾಗಿನಿಂದ ಏನಾದರೂ ಒಂದು ಒಟ್ಟುತ್ತ, ಕಟ್ಟುತ್ತ, ತುಂಬುತ್ತ ಬಂದ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಐದಾರು ತಾಸು. ಅಷ್ಟು ಹೊತ್ತು ಮನುಷ್ಯರು ಹೇಗೆ ಕೂಡುತ್ತಾರೆ? ಬಿತ್ತಿದ ಮೇಲೆ ಅಪ್ಪ ಹೇಗೆ ಮಲಗುತ್ತಿದ್ದನೋ ಹಾಗೆ ಕೂಡಬೇಕು. ಬೇಜವಾಬ್ದಾರಿಯವನ ನಿದ್ದೆ ಅಲ್ಲ ಅದು. ಕೂರಿಗೆ ಹೊಡೆದು ಮೈ ದಣಿದು, ತನ್ನ ಪಾಲಿನದು ಮುಗಿಯಿತು ಅಂತ ಗೊತ್ತಿದ್ದವನ ನಿದ್ದೆ. ನಾನು ನಿದ್ದೆ ಮಾಡಲಿಲ್ಲ ಬಿಡಿ, ಆದರೆ ಶಿವನ ಹೆಸರು ಹೇಳುತ್ತ ಕೂತೆ. ಪಕ್ಕದಲ್ಲಿ ಕೂತ ಒಬ್ಬ ಮುಸ್ಲಿಂ ತಾಯಿ, ಅವರ ಮಗ ಒಳಗಿದ್ದ, ನನ್ನ ಕೈ ಹಿಡಿದು ಒಂದು ಕಥೆ ಹೇಳಿದರು. ಒಂಟೆಯನ್ನು ಕಟ್ಟಿಹಾಕಿ ಅಲ್ಲಾಹನನ್ನು ನಂಬಲೋ, ಕಟ್ಟದೇ ನಂಬಲೋ ಅಂತ ಒಬ್ಬ ಕೇಳಿದನಂತೆ. ಮೊದಲು ಕಟ್ಟು, ಆಮೇಲೆ ನಂಬು ಅಂದರಂತೆ ಪೈಗಂಬರರು. ‘ನಾವು ಕಟ್ಟೇವ್ರಿ ಅಕ್ಕಾರ, ಇನ್ನ ನಂಬೋದಷ್ಟ ಉಳಿದೈತಿ’ ಅಂದರು. ಅವ್ವನದೂ ಅಪ್ಪನದೂ ಎರಡೂ ಮಾತು ಒಂದೇ ವಾಕ್ಯದಲ್ಲಿತ್ತು.

ನಂಬಿದರೆ ಕೇಳಿದ್ದು ಸಿಕ್ಕೇ ಸಿಗುತ್ತದೆ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಯಜಮಾನರು ಆಮೇಲೆ ಒಂಬತ್ತು ವರ್ಷ ಬದುಕಿದರು. ಮಗಳ ಮದುವೆ ಕಣ್ಣಾರೆ ನೋಡಿದರು, ಮೊಮ್ಮಗನ ತೊಟ್ಟಿಲು ತೂಗಿದರು. 2013ರಲ್ಲಿ ಒಂದು ಬೆಳಿಗ್ಗೆ ಹೊರಟುಹೋದರು. ಅವತ್ತು ಯಾವ ಕಾರ್ಡೂ, ಯಾವ ಪ್ರಾರ್ಥನೆಯೂ ಅವರನ್ನು ನಿಲ್ಲಿಸಲಿಲ್ಲ. ತಯಾರಿಗೆ ಒಂದು ಗಡಿ ಇದೆ, ನಂಬಿಕೆಗೂ ‘ಹೀಗೇ ಆಗಲಿ’ ಅಂತ ಹಟ ಹಿಡಿಯುವ ಹಕ್ಕಿಲ್ಲ. ಹಾಗಂತ ಎರಡೂ ವ್ಯರ್ಥ ಅಲ್ಲ. ಆ ಒಂಬತ್ತು ವರ್ಷ ಬಂದದ್ದು ತಯಾರಿಯಿಂದ. ಅವರು ಹೋದ ಮೇಲೆ ನಾನು ಎದ್ದು ಒಲೆ ಹಚ್ಚಿದ್ದು ನಂಬಿಕೆಯಿಂದ.

ಒಂದು ಮಾತು ಹೇಳಲೇಬೇಕು. ‘ವೀರಭದ್ರ ಅದಾನ’ ಅಂದ ಮನುಷ್ಯ, ಆಪರೇಷನ್ ಆದ ಮೇಲೆ ಒಂದು ನೋಟುಬುಕ್ಕು ಇಟ್ಟಿದ್ದರು. ಹೊಲದ ಸರ್ವೆ ನಂಬರು, ಸೊಸೈಟಿಯ ಸಾಲ ಎಷ್ಟು ತೀರಿದೆ, ಯಾರಿಗೆ ಕೊಡಬೇಕು, ಯಾರಿಂದ ಬರಬೇಕು, ಯಾವ ಖಾತೆಗೆ ನಾಮಿನಿ ಯಾರು ಎಲ್ಲ ಅದರಲ್ಲಿತ್ತು. ಕೊನೆಯ ಪುಟದಲ್ಲಿ ಮಠಕ್ಕೆ ವರ್ಷಕ್ಕೊಂದು ಚೀಲ ಜೋಳ ಕೊಡುವುದನ್ನು ಬಿಡಬಾರದು ಅಂತಲೂ ಬರೆದಿದ್ದರು. ಗಂಡ ಹೋದ ಹೆಣ್ಣುಮಗಳು ಕಚೇರಿಯಿಂದ ಕಚೇರಿಗೆ ಹೇಗೆ ಅಲೆಯುತ್ತಾಳೆ ಅನ್ನುವುದನ್ನು ಬಲ್ಲವರಿಗೆ ಆ ನೋಟುಬುಕ್ಕಿನ ಬೆಲೆ ಗೊತ್ತಾಗುತ್ತದೆ. ಅದು ನನಗೆ ಅವರು ಬಿಟ್ಟುಹೋದ ದೊಡ್ಡ ಆಸ್ತಿ.

ಹಾಗಾದರೆ ಎಷ್ಟು ಇಡಬೇಕು? ತಯಾರಿ ಎಲ್ಲಿಗೆ ಮುಗಿದು ದುರಾಸೆ ಎಲ್ಲಿ ಶುರುವಾಗುತ್ತದೆ? ಇದಕ್ಕೆ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಾಗುತ್ತದೆ. 12ನೇ ಶತಮಾನದ ಕಲ್ಯಾಣದಲ್ಲಿ ಗಂಡ ಮಾರಯ್ಯನ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಖುಷಿಪಡಲಿಲ್ಲ, ನಮಗೆ ಇಷ್ಟು ಬೇಕಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಅಂತ ವಾಪಸು ಕಳಿಸಿದಳು. ಸಣ್ಣವಳಿದ್ದಾಗ ಈ ಕಥೆ ಕೇಳಿ, ಹಾಗಾದರೆ ನಮ್ಮ ಅವ್ವ ಹಗೇವು ತುಂಬುವುದು ತಪ್ಪೇ ಅಂತ ಗೊಂದಲ ಆಗಿತ್ತು. ಈಗ ಅನ್ನಿಸುತ್ತದೆ, ಇಬ್ಬರ ಲೆಕ್ಕವೂ ಒಂದೇ. ಲಕ್ಕಮ್ಮನ ಕಾಯಕದ ಫಲ ದಿನಾಲೂ ಬರುವಂಥದ್ದು, ಹಾಗಾಗಿ ಒಂದು ದಿನದ ಅಕ್ಕಿ ಸಾಕು. ಒಕ್ಕಲಿಗನಿಗೆ ಸುಗ್ಗಿ ಬರುವುದು ವರ್ಷಕ್ಕೊಮ್ಮೆ, ಅದೂ ಬಂದರೆ. ಹಾಗಾಗಿ ವರ್ಷದ ಕಾಳು, ಮೇಲೊಂದಿಷ್ಟು ಬರಕ್ಕೆ. ನಮ್ಮ ಕೈಗೆ ಮುಂದಿನ ತುತ್ತು ಬರುವುದು ಎಷ್ಟು ದಿನಕ್ಕೆ, ಅದು ತಪ್ಪಿದರೆ ಎಷ್ಟು ದಿನ ತಡೆಯಬೇಕು, ಅಷ್ಟು ಇಡುವುದು ತಯಾರಿ. ಅದಕ್ಕೂ ಮೀರಿ ಒಟ್ಟುವುದು ಭಯ. ಭಯಕ್ಕೆ ಹೊಟ್ಟೆ ತುಂಬುವುದೇ ಇಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಅಂದಾಗ ಆ ಭಯ ನೋಡಿದೆವಲ್ಲ. ಬೆಂಗಳೂರಿನಲ್ಲಿರುವ ಮಗ ಫೋನು ಮಾಡಿ, ‘ಅಂಗಡ್ಯಾಗ ಒಬ್ಬೊಬ್ಬರು ಐದೈದು ಚೀಲ ಅಕ್ಕಿ ಒಯ್ಯಾಕತ್ತಾರವ್ವ, ಹಿಂದ ನಿಂತವರಿಗೆ ಏನೂ ಇಲ್ಲ’ ಅಂದ. ಐದು ಚೀಲ ಒಯ್ದವರೂ ತಮ್ಮನ್ನು ಜಾಣರು ಅಂದುಕೊಂಡಿರುತ್ತಾರೆ. ಆದರೆ ಇನ್ನೊಬ್ಬರ ಇವತ್ತನ್ನು ಕಿತ್ತುಕೊಂಡು ಕಟ್ಟಿದ ನಾಳೆ ತಯಾರಿ ಹೇಗಾಗುತ್ತದೆ? ಅದೇ ವಾರ ನಮ್ಮ ಸಂಘದ ಹೆಂಗಸರು ಮನೆಮನೆಯಿಂದ ಸೇರು ಸೇರು ಜೋಳ, ಅಕ್ಕಿ, ಬೇಳೆ ಕೂಡಿಸಿದರು. ಊರಿಗೆ ದುಡಿಯಲು ಬಂದು ಸಿಕ್ಕಿಹಾಕಿಕೊಂಡಿದ್ದ ಕೂಲಿಯವರ ಗುಡಿಸಲುಗಳಿಗೆ ಮುಟ್ಟಿಸಿದರು. ಕೊಡಲು ಸಾಧ್ಯವಾದದ್ದು ಬೇಸಿಗೆಯ ಕಾಳು ಎಲ್ಲರ ಮನೆಯಲ್ಲೂ ಇದ್ದದ್ದರಿಂದ. ಇಟ್ಟವರ ಕೈಯೇ ಕೊಡುವ ಕೈ ಆಗಬಹುದು, ಬಾಯಿ ಮುಚ್ಚಿದ ಹಗೇವಿನ ಕಲ್ಲು ಸರಿಸುವ ಮನಸ್ಸಿರಬೇಕು, ಅಷ್ಟೇ.

ಈ ಎರಡೂ ಒಂದಾಗಿ ಕಾಣಬೇಕೆಂದರೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹೋಗಿ. ಜನವರಿಯಲ್ಲಿ ಜಾತ್ರೆ. ಅದಕ್ಕೆ ಮೊದಲೇ ಸುತ್ತಲಿನ ಹಳ್ಳಿಗಳಲ್ಲಿ ಹೆಂಗಸರು ಓಣಿ ಓಣಿ ಕೂಡಿ ರೊಟ್ಟಿ ಬಡಿಯುತ್ತಾರೆ. ಜೋಳದ ಖಡಕ್ ರೊಟ್ಟಿ, ಬಹಳ ದಿನ ಕೆಡುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಹೇರಿ, ಡೊಳ್ಳು ಭಜನೆ ಜೊತೆ ಮಠಕ್ಕೆ ತಂದು ಒಪ್ಪಿಸುತ್ತಾರೆ. ಹೀಗೆ ಸೇರುವ ರೊಟ್ಟಿಗಳ ಎಣಿಕೆ ಲಕ್ಷಗಳಲ್ಲಿ. ಜಾತ್ರೆಗೆ ಬಂದ ಯಾರೋ ಒಬ್ಬ ಪರವೂರಿನವ ಪಂಕ್ತಿಯಲ್ಲಿ ಕೂತು, ‘ಅಜ್ಜಾರ ಪ್ರಸಾದ’ ಅಂತ ಕಣ್ಣಿಗೊತ್ತಿಕೊಂಡು ಉಣ್ಣುತ್ತಾನೆ. ಅವನ ಮಟ್ಟಿಗೆ ಅದು ದೇವರು ಕೊಟ್ಟದ್ದೇ. ರೊಟ್ಟಿ ಬಡಿದ ಕೈ ಯಾವುದು ಅವನಿಗೆ ಗೊತ್ತಿಲ್ಲ, ಬಡಿದವಳಿಗೂ ಅವನು ಯಾರೆಂದು ಗೊತ್ತಿಲ್ಲ.

ನನ್ನ ಸೊಸೆ ಓದಿದವಳು, ಸಂಬಳ ತರುವವಳು. ‘ಅತ್ತೀ, ನಮ್ಮ ಕಾಲಕ್ಕ ಹಗೇವು ಎಲ್ಲಿ ತರೂನ್ರಿ?’ ಅಂತ ಕೇಳಿದಳು. ಕಣದ ಕ್ರಮವನ್ನೇ ಅವಳಿಗೆ ಹೇಳಿದೆ. ಸಂಬಳ ಬಂದ ದಿನ ಮೊದಲು ಕೊಡುವುದು ತೆಗೆದಿಡು, ಸಣ್ಣದಾದರೂ ಸರಿ. ಉಳಿದರೆ ಕೊಡೋಣ ಅಂದರೆ ಎಂದೂ ಉಳಿಯುವುದಿಲ್ಲ. ಎರಡನೆಯದು ಬೀಜ, ಅಂದರೆ ಮಕ್ಕಳ ಓದು, ಮುಪ್ಪಿನ ಉಳಿತಾಯ. ಹಬ್ಬ ಬಂತು, ಹೊಸ ಟಿವಿ ಬಂತು ಅಂತ ಆ ಗಡಿಗೆ ಬಾಯಿ ಬಿಚ್ಚಬಾರದು. ಮೂರನೆಯದು ಹೊಟ್ಟೆ. ಮನೆ ಖರ್ಚು, ಆರೋಗ್ಯ ವಿಮೆಯ ಕಂತು, ಕೆಲಸ ತಪ್ಪಿದರೆ ನಾಲ್ಕಾರು ತಿಂಗಳು ಒಲೆ ಉರಿಯುವಷ್ಟು ಹಣ. ಪ್ಯಾಟಿ, ಅಂದರೆ ಆಸೆಯ ಖರೀದಿ, ಕೊನೆಗೆ. ಜೊತೆಗೆ ಮಾವನವರ ಹಾಗೆ ಒಂದು ನೋಟುಬುಕ್ಕು ಇಡು, ಅದು ಎಲ್ಲಿದೆ ಅಂತ ಇನ್ನೊಬ್ಬರಿಗೆ ಗೊತ್ತಿರಲಿ. ಇಷ್ಟು ಮಾಡಿದ ಮೇಲೆ ಮಲಗು. ರಾತ್ರಿ ಎರಡು ಗಂಟೆಗೆ ಎದ್ದು ಫೋನಿನಲ್ಲಿ ಲೆಕ್ಕ ನೋಡುತ್ತ ಕೂತರೆ ಹಣ ಹೆಚ್ಚಾಗುವುದಿಲ್ಲ, ಬಿಪಿ ಹೆಚ್ಚಾಗುತ್ತದೆ.

2023ರಲ್ಲಿ ಮತ್ತೆ ಬರ ಬಂತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಆ ಬೇಸಿಗೆಯಲ್ಲಿ ನನ್ನ ತಮ್ಮ, ಹಳ್ಳದ ದಂಡೆಯ ಅದೇ ಹೊಲದಲ್ಲಿ ಕೃಷಿ ಹೊಂಡ ತೋಡಿಸಿದ. ಹನಿ ನೀರಿಲ್ಲ, ಆಕಾಶದಲ್ಲಿ ಚೂರು ಮೋಡವಿಲ್ಲ, ಇವನು ಜೆಸಿಬಿ ತಂದು ಗುಂಡಿ ತೋಡಿಸುತ್ತಿದ್ದಾನೆ. ನೋಡಲು ಬಂದವರು ನಕ್ಕರು, ‘ಮಳಿನ ಇಲ್ಲ, ಹೊಂಡ ಯಾಕೋ?’ ತಮ್ಮ, ‘ಮಳಿ ಬಂದ ಮ್ಯಾಲ ತೋಡಾಕ ಬರ್ತೈತೇನು?’ ಅಂದ. ಹೊಂಡ ತೋಡುವವನಿಗೆ ನಂಬಿಕೆ ಇಲ್ಲ ಅಂತ ಯಾರು ಹೇಳುತ್ತಾರೆ? ಮಳೆ ಬರುತ್ತದೆ ಅನ್ನುವ ನಂಬಿಕೆ ಇಲ್ಲದವನು ಒಣ ನೆಲ ಅಗೆಯುವುದಿಲ್ಲ. ಮಳೆ ತರುವುದು ಅವನ ಕೈಯಲ್ಲಿಲ್ಲ ಅಂತ ಅವನಿಗೂ ಗೊತ್ತು. ಬಂದ ಮಳೆಗೆ ನಿಲ್ಲಲು ಜಾಗ ಮಾಡುವುದು ಮಾತ್ರ ಅವನ ಕೈಯಲ್ಲಿದೆ. 2024ರ ಮಳೆಗಾಲಕ್ಕೆ ಹೊಂಡದಲ್ಲಿ ನೀರು ನಿಂತಿತು. ಮೊದಲ ದಿನವೇ ಮಗ್ಗಲ ಹೊಲದವರ ಎಮ್ಮೆ ಬಂದು ಕುಡಿದು ಹೋಯಿತು. ತಮ್ಮ ಅದಕ್ಕಂತಲೇ ಒಂದು ಕಡೆ ಇಳಿಜಾರು ಬಿಡಿಸಿಟ್ಟಿದ್ದ.